ಈವೆಂಟ್ ಲಾಗ್‌ಗಳ ಸಾರಾಂಶ: ಮೂಲ ದಾಖಲೆಗೆ ಹಿಂದಿರುಗುವ ದಾರಿ ಉಳಿದಿರಲಿ

ಕಂಪ್ಯೂಟರ್ ತನ್ನೊಳಗೆ ನಡೆಯುವ ಸಂಗತಿಗಳನ್ನು ಸಮಯದೊಂದಿಗೆ ತಾನೇ ಬರೆದಿಟ್ಟುಕೊಳ್ಳುವ ದಾಖಲೆಗೆ ಈವೆಂಟ್ ಲಾಗ್ ಎನ್ನುತ್ತೇವೆ. ಯಾವ ಖಾತೆ ಒಳಬಂದಿತು, ಯಾವ ಸೇವೆ ನಿಂತಿತು, ಯಾವ ಪ್ರೋಗ್ರಾಂ ಆರಂಭವಾಯಿತು ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ಡಿಜಿಟಲ್ ತನಿಖೆಯಲ್ಲಿ ಈ ಲಾಗ್‌ಗಳನ್ನು ಹೇಗೆ ಸಂಕ್ಷೇಪಿಸಬೇಕೆಂದು ಕೇಳಿ ಬಂದಿರುವ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಾಗಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಒಂದು ಸಂಸ್ಥೆಯ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತೇನೆ. ನಮ್ಮ ವಿಂಡೋಸ್ ಸರ್ವರ್‌ನೊಳಗೆ ಹೊರಗಿನವರು ನುಗ್ಗಿದ್ದಾರೆಂಬ ಸಂಶಯವಿದೆ. ಲಾಗ್ ತೆರೆದರೆ ಲಕ್ಷಗಟ್ಟಲೆ ನಮೂದುಗಳಿವೆ. ತನಿಖೆ ನಡೆಸುತ್ತಿರುವವರು ಎರಡು ಪುಟಗಳ ಸಾರಾಂಶ ಕೇಳಿದ್ದಾರೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಓದುವುದಕ್ಕೂ ಮೊದಲು ಲಾಗ್‌ಗಳನ್ನು ಉಳಿಸಿಕೊಳ್ಳಿ. ಯಾರೂ ಬದಲಿಸದಿದ್ದರೆ ಸಾಮಾನ್ಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ಸೆಕ್ಯುರಿಟಿ ಲಾಗ್‌ನ ಗಾತ್ರದ ಮಿತಿ 20 ಎಂಬಿ ಮಾತ್ರ. ಅದು ತುಂಬಿದ ಮೇಲೆ ಹೊಸ ನಮೂದುಗಳು ಹಳೆಯವುಗಳ ಜಾಗವನ್ನು ಆಕ್ರಮಿಸುತ್ತವೆ. ಕೆಲಸದ ಒತ್ತಡವಿರುವ ಸರ್ವರ್‌ನಲ್ಲಿ ನೀವು ಯೋಚಿಸುತ್ತ ಕುಳಿತ ಹೊತ್ತಿನಲ್ಲೇ ಸಾಕ್ಷ್ಯ ಅಳಿಯುತ್ತಿರಬಹುದು. ಬೇಗ ಕಳೆದುಹೋಗುವುದನ್ನು ಮೊದಲು ಸಂಗ್ರಹಿಸಬೇಕೆಂದು, ಅಂತರಜಾಲದ ಮಾನಕಗಳ ಆರ್‌ಎಫ್‌ಸಿ ಎಂಬ ದಾಖಲೆಗಳ ಸಾಲಿನಲ್ಲಿ 2002ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 3227 ಮಾರ್ಗಸೂಚಿ ಹೇಳುವುದು ಇಂಥ ಕಾರಣಕ್ಕಾಗಿಯೇ. ವಿಂಡೋಸ್ ಫೋಲ್ಡರಿನ ಸಿಸ್ಟಮ್32ರೊಳಗೆ ಇರುವ ಲಾಗ್ ಕಡತಗಳನ್ನು ಇಡಿಯಾಗಿ ನಕಲು ಮಾಡಿಕೊಳ್ಳಿ. ಲಾಗ್ ನೋಡಲು ವಿಂಡೋಸ್‌ನಲ್ಲೇ ಇರುವ ಈವೆಂಟ್ ವ್ಯೂವರ್‌ನಲ್ಲಿ ಸೋಸಿ ತೆಗೆದ ಪಟ್ಟಿಯನ್ನು ಸಂಗ್ರಹವೆಂದು ಭಾವಿಸಬೇಡಿ, ಏಕೆಂದರೆ ನೀವು ಇಂದು ಬೇಡವೆಂದು ಬಿಟ್ಟ ನಮೂದೇ ಮುಂದಿನ ವಾರ ಬೇಕಾಗಬಹುದು. ಪ್ರತಿ ಕಡತದ ಎಸ್‌ಎಚ್‌ಎ-256 ಹ್ಯಾಶ್ (ಕಡತ ಸ್ವಲ್ಪ ಬದಲಾದರೂ ಬದಲಾಗುವ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕಹಾಕಿ, ಯಾರು ಯಾವಾಗ ನಕಲು ಮಾಡಿದರೆಂಬುದರ ಜೊತೆಗೆ ಬರೆದಿಟ್ಟು, ಮುಂದಿನ ಕೆಲಸವನ್ನೆಲ್ಲ ಇನ್ನೊಂದು ಪ್ರತಿಯ ಮೇಲೆ ಮಾಡಿ.

ಅನಂತರ, ಸಾರಾಂಶ ಯಾವ ಪ್ರಶ್ನೆಗೆ ಉತ್ತರ ಕೊಡಬೇಕೆಂಬುದನ್ನು ತನಿಖೆಯವರಿಂದ ಬರೆಸಿಕೊಳ್ಳಿ. ಯಾವ ಖಾತೆಯ ಮೂಲಕ ಬಂದರು, ಎಲ್ಲಿಂದ ಬಂದರು, ಮೊದಲ ಪ್ರವೇಶ ಯಾವಾಗ, ಒಳಗೆ ಏನು ಮಾಡಿದರು, ಮತ್ತೆ ಬರಲು ಏನಾದರೂ ವ್ಯವಸ್ಥೆ ಮಾಡಿಟ್ಟು ಹೋದರೇ ಎಂಬಷ್ಟು ನಿರ್ದಿಷ್ಟತೆ ಬೇಕು. ಪ್ರಶ್ನೆಯೇ ಇಲ್ಲದೆ ಲಾಗ್ ಸಂಕ್ಷೇಪಿಸಲು ಹೊರಟವರು ಹೆಚ್ಚಾಗಿ ನಮೂದುಗಳ ಎಣಿಕೆಯ ಕೋಷ್ಟಕವೊಂದನ್ನು ಕೊಟ್ಟು ಮುಗಿಸುತ್ತಾರೆ, ಮತ್ತು ಆ ಕೋಷ್ಟಕದಿಂದ ತನಿಖೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ನಮೂದುಗಳನ್ನು ಘಟನೆಯ ಸಂಖ್ಯೆಯ ಪ್ರಕಾರ ಗುಂಪು ಮಾಡುವುದು ಮೊದಲ ಸೋಸುವಿಕೆ. ಯಶಸ್ವಿ ಲಾಗಿನ್ 4624, ವಿಫಲ ಲಾಗಿನ್ 4625, ವಿಶೇಷ ಅಧಿಕಾರಗಳೊಂದಿಗೆ ಆರಂಭವಾದ ಲಾಗಿನ್ 4672, ಹೊಸ ಖಾತೆ 4720, ಸ್ಥಳೀಯ ಗುಂಪಿಗೆ ಸದಸ್ಯರ ಸೇರ್ಪಡೆ 4732, ನಿಗದಿತ ಸಮಯಕ್ಕೆ ತಾನಾಗಿ ಓಡುವ ಹೊಸ ಕೆಲಸ (ಶೆಡ್ಯೂಲ್ಡ್ ಟಾಸ್ಕ್) 4698, ಸಿಸ್ಟಮ್ ಲಾಗ್‌ನಲ್ಲಿ ಕಾಣುವ ಹೊಸ ಸೇವೆಯ ಸ್ಥಾಪನೆ 7045. (ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರವೊಂದು ತನಿಖೆಯಲ್ಲಿ ಸೇರಿಕೊಂಡಿದ್ದರೆ ಅಲ್ಲಿ ಯಶಸ್ವಿ ಲಾಗಿನ್‌ನ ಸಂಖ್ಯೆ 528, ಅನೇಕ ಭದ್ರತಾ ಘಟನೆಗಳ ಹಳೆಯ ಸಂಖ್ಯೆಗೆ 4096 ಕೂಡಿಸಿದರೆ ಹೊಸ ಸಂಖ್ಯೆ ಸಿಗುತ್ತದೆ.) ಸಂಖ್ಯೆಯಷ್ಟೇ ಮುಖ್ಯವಾದದ್ದು ಲಾಗಿನ್‌ನ ಬಗೆ. ಬಗೆ 2 ಎಂದರೆ ಯಂತ್ರದ ಮುಂದೆಯೇ ಕುಳಿತು ಮಾಡಿದ್ದು, 3 ಜಾಲದ ಮೂಲಕ, 5 ಸೇವೆಯೊಂದು ತಾನಾಗಿ ಮಾಡಿಕೊಂಡದ್ದು, 7 ಲಾಕ್ ಆಗಿದ್ದ ಪರದೆಯನ್ನು ತೆರೆದದ್ದು, 10 ರಿಮೋಟ್ ಡೆಸ್ಕ್‌ಟಾಪ್ ಮೂಲಕ. ನಿಮ್ಮ ಲಕ್ಷಗಟ್ಟಲೆ ನಮೂದುಗಳಲ್ಲಿ ದೊಡ್ಡ ಪಾಲು 3 ಮತ್ತು 5ನೇ ಬಗೆಯವೇ ಆಗಿರುವ ಸಾಧ್ಯತೆ ಹೆಚ್ಚು. ಸೇವೆಗಳ ಖಾತೆಗಳನ್ನೂ ಡಾಲರ್ ಚಿಹ್ನೆಯಿಂದ ಕೊನೆಗೊಳ್ಳುವ ಯಂತ್ರಗಳ ಖಾತೆಗಳನ್ನೂ ಆರಂಭದಲ್ಲಿ ಬದಿಗಿಡಬಹುದು. ಆದರೆ ಬದಿಗಿಟ್ಟ ಸಂಗತಿಯನ್ನು, ಎಷ್ಟು ನಮೂದುಗಳನ್ನು ಯಾವ ನಿಯಮದಂತೆ ಬಿಡಲಾಯಿತೆಂಬುದನ್ನು, ಸಾರಾಂಶದಲ್ಲೇ ಬರೆಯಬೇಕು.

ಎಣಿಕೆಯಲ್ಲಿ ಎಚ್ಚರ ಬೇಕು. ಆಡಳಿತಾಧಿಕಾರವುಳ್ಳ ವ್ಯಕ್ತಿಯೊಬ್ಬರು ಒಮ್ಮೆ ಲಾಗಿನ್ ಆದರೆ 4624ರ ಎರಡು ನಮೂದುಗಳು ಮೂಡಬಹುದು, ಏಕೆಂದರೆ ವಿಂಡೋಸ್ ಅವರಿಗೆ ಪೂರ್ಣಾಧಿಕಾರದ ಒಂದು ಮತ್ತು ಸೀಮಿತಾಧಿಕಾರದ ಒಂದು ಎಂದು ಎರಡು ಗುರುತುಗಳನ್ನು ಸಿದ್ಧಪಡಿಸುತ್ತದೆ. ರಿಮೋಟ್ ಡೆಸ್ಕ್‌ಟಾಪ್‌ನ ಒಂದೇ ಪ್ರವೇಶ ಮೊದಲು 3ನೇ ಬಗೆಯ, ಅನಂತರ 10ನೇ ಬಗೆಯ ನಮೂದನ್ನು ಬಿಟ್ಟುಹೋಗಬಹುದು. ಆದ್ದರಿಂದ "4624ರ 8 ನಮೂದುಗಳಿವೆ" ಎಂಬುದು ಸತ್ಯವಾದರೂ "8 ಬಾರಿ ಒಳಬಂದರು" ಎಂಬುದು ಸುಳ್ಳಾಗಿರಬಹುದು. ನಮೂದುಗಳಿಗಿಂತ ಒಂದೊಂದು ಭೇಟಿಯನ್ನು ಎಣಿಸುವುದು ಸರಿಯಾದ ಕ್ರಮ. ಅದಕ್ಕೆ ಪ್ರತಿ ನಮೂದಿನಲ್ಲಿರುವ ಲಾಗಿನ್ ಗುರುತು ಸಂಖ್ಯೆ ನೆರವಾಗುತ್ತದೆ. ಅದೇ ಸಂಖ್ಯೆ ಲಾಗ್ಆಫ್ ನಮೂದಿನಲ್ಲೂ, ಪ್ರೋಗ್ರಾಂ ಆರಂಭವಾದುದನ್ನು ಹೇಳುವ 4688ರಲ್ಲೂ ಇರುವುದರಿಂದ, ಒಂದು ಪ್ರವೇಶದಿಂದ ನಿರ್ಗಮನದವರೆಗಿನ ಕೆಲಸಗಳನ್ನೆಲ್ಲ ಒಂದೇ ಎಳೆಯಲ್ಲಿ ಪೋಣಿಸಬಹುದು. ಯಂತ್ರ ರೀಸ್ಟಾರ್ಟ್ ಆದರೆ ಅದೇ ಸಂಖ್ಯೆ ಬೇರೆಯವರಿಗೆ ಸಿಗಬಹುದೆಂಬುದನ್ನು ಮಾತ್ರ ಮರೆಯಬಾರದು.

ಪುನರಾವರ್ತನೆಗಳನ್ನು ಒಂದು ವಾಕ್ಯಕ್ಕೆ ಮಡಚುವಾಗಲೂ ಏನನ್ನು ಉಳಿಸಬೇಕೆಂಬ ವಿವೇಚನೆ ಬೇಕು. "9,000 ವಿಫಲ ಲಾಗಿನ್‌ಗಳು" ಎಂಬ ಸಾಲು ಬಹುಮಟ್ಟಿಗೆ ನಿಷ್ಪ್ರಯೋಜಕ. ಒಂದೇ ಖಾತೆಯ ಮೇಲೆ ಸಾವಿರಾರು ಪಾಸ್‌ವರ್ಡ್‌ಗಳನ್ನು ಪ್ರಯೋಗಿಸಿದರೋ, ಸಾವಿರಾರು ಖಾತೆಗಳ ಮೇಲೆ ಒಂದೆರಡು ಪಾಸ್‌ವರ್ಡ್‌ಗಳನ್ನು ಪ್ರಯೋಗಿಸಿದರೋ ಎಂಬುದರಿಂದ ದಾಳಿಯ ಸ್ವರೂಪವೇ ಬದಲಾಗುತ್ತದೆ. ಇಲ್ಲದ ಖಾತೆಯ ಹೆಸರನ್ನು ಬಳಸಿದರೋ, ಇರುವ ಖಾತೆಗೆ ತಪ್ಪು ಪಾಸ್‌ವರ್ಡ್ ಕೊಟ್ಟರೋ ಎಂಬುದನ್ನು 4625ರೊಳಗಿನ ಕಾರಣ ಸಂಕೇತ ಹೇಳುತ್ತದೆ. ಹೆಸರುಗಳೆಲ್ಲ ಸರಿಯಾಗಿದ್ದರೆ ದಾಳಿಕೋರರ ಕೈಗೆ ನಿಮ್ಮ ಖಾತೆಗಳ ಪಟ್ಟಿ ಮೊದಲೇ ಸಿಕ್ಕಿತ್ತೆಂದು ಶಂಕಿಸಲು ಆಧಾರ ದೊರೆಯುತ್ತದೆ. ಹೀಗಾಗಿ ಮಡಚಿದ ಪ್ರತಿ ಸಾಲಿನಲ್ಲಿ ಮೊದಲ ಸಮಯ, ಕೊನೆಯ ಸಮಯ, ಒಟ್ಟು ಎಣಿಕೆ, ಖಾತೆಗಳ ಸಂಖ್ಯೆ, ಎಲ್ಲಿಂದ ಬಂದವೆಂಬ ಜಾಲದ ವಿಳಾಸ (ಐಪಿ), ಮತ್ತು ಆ ಸರಣಿಯ ಕೊನೆಗೆ ಯಶಸ್ಸು ಸಿಕ್ಕಿತೇ ಎಂಬುದು ಇರಲೇಬೇಕು.

ಅತಿ ಹೆಚ್ಚು ಬಾರಿ ಕಾಣುವುದನ್ನು ಸಾರಾಂಶದ ತಲೆಯಲ್ಲಿಡುವ ಅಭ್ಯಾಸವನ್ನು ತನಿಖೆಯಲ್ಲಿ ಬಿಡಬೇಕು. ಇಲ್ಲಿ ಒಮ್ಮೆ ಮಾತ್ರ ಕಂಡದ್ದಕ್ಕೆ ಬೆಲೆ ಹೆಚ್ಚು. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಖಗೋಳವಿಜ್ಞಾನಿ ಕ್ಲಿಫರ್ಡ್ ಸ್ಟಾಲ್ ಅವರಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ ಕಂಡ 75 ಸೆಂಟ್‌ಗಳ ವ್ಯತ್ಯಾಸವನ್ನು ಸರಿಪಡಿಸುವ ಕೆಲಸ ಬಂದಿತು. ಆ ಅಲ್ಪ ಮೊತ್ತದ ಬೆನ್ನು ಹತ್ತಿದ ಅವರು ಅನಧಿಕೃತ ಬಳಕೆದಾರನೊಬ್ಬನನ್ನು ಕಂಡುಕೊಂಡರು. ಒಳಬರುವ ಸಂಪರ್ಕಗಳಿಗೆ ಪ್ರಿಂಟರ್‌ಗಳನ್ನು ಜೋಡಿಸಿ ಅವನು ಒತ್ತಿದ ಪ್ರತಿ ಅಕ್ಷರವನ್ನೂ ಕಾಗದದ ಮೇಲೆ ದಾಖಲಿಸಿದರು. ಜಾಡು ಕೊನೆಗೆ ಪಶ್ಚಿಮ ಜರ್ಮನಿಯ ಮಾರ್ಕಸ್ ಹೆಸ್ ಎಂಬಾತನವರೆಗೆ ಹೋಯಿತು. ಆ ಲೆಕ್ಕವನ್ನು ಸೆಂಟ್‌ಗಳನ್ನು ಬಿಟ್ಟು ಡಾಲರ್‌ಗಳಲ್ಲಿ ಮಾತ್ರ ಸಂಕ್ಷೇಪಿಸಿದ್ದರೆ 75 ಸೆಂಟ್‌ಗಳು ಕಾಣದೆ ಹೋಗಬಹುದಿತ್ತು. ನಿಮ್ಮ ಗುಂಪುಗಳನ್ನು ಎಣಿಕೆಯ ಏರಿಕೆಯ ಕ್ರಮದಲ್ಲಿ ಜೋಡಿಸಿ, ಅತಿ ಕಡಿಮೆ ಎಣಿಕೆಯ ತುದಿಯಿಂದ ಓದಲು ತೊಡಗಿ: ಒಮ್ಮೆ ಮಾತ್ರ ಸ್ಥಾಪನೆಯಾದ ಸೇವೆ, ಹಿಂದೆಂದೂ ಕಾಣದ ವಿಳಾಸ, ಒಂದು ರಾತ್ರಿ ಮಾತ್ರ ಬಳಕೆಯಾದ ಖಾತೆ.

ಲಿನಕ್ಸ್ ಸರ್ವರ್‌ಗಳಂತೆ ಲಾಗ್ ಬಿಡಿ ಪಠ್ಯದ ರೂಪದಲ್ಲಿದ್ದರೆ ಘಟನೆಗೆ ಸಂಖ್ಯೆಯಿರುವುದಿಲ್ಲ. ಅಲ್ಲಿ ಸಾಲಿನಲ್ಲಿ ಬದಲಾಗುವ ಭಾಗಗಳನ್ನು, ಅಂದರೆ ವಿಳಾಸ, ಹೆಸರು, ಪೋರ್ಟ್ ಸಂಖ್ಯೆಗಳನ್ನು, ತೆಗೆದು ಉಳಿದ ಅಚ್ಚಿನ ಪ್ರಕಾರ ಗುಂಪು ಮಾಡುವ ವಿಧಾನಗಳಿವೆ. ರಿಸ್ಟೊ ವಾರಾಂಡಿ 2003ರಲ್ಲಿ ಪ್ರಕಟಿಸಿದ ಎಸ್‌ಎಲ್‌ಸಿಟಿ ಮತ್ತು 2017ರ ಡ್ರೈನ್ ಈ ಬಗೆಯವು. ಇವುಗಳ ಮೂಲ ಉದ್ದೇಶ ವ್ಯವಸ್ಥೆಯ ದೋಷಗಳನ್ನು ಹುಡುಕುವುದಾಗಿತ್ತು. ತೆಗೆದುಹಾಕಿದ ಬದಲಾಗುವ ಭಾಗವೇ ತನಿಖೆಗೆ ಬೇಕಾದ ಸಾಕ್ಷ್ಯವಾಗಿರುವುದರಿಂದ, ಪ್ರತಿ ಅಚ್ಚಿನ ಜೊತೆಗೆ ಅದರ ಮೌಲ್ಯಗಳ ಪಟ್ಟಿಯನ್ನೂ ಇಟ್ಟುಕೊಳ್ಳಬೇಕು.

ಪ್ರಶ್ನೆ: ಮೂರು ಯಂತ್ರಗಳ ಲಾಗ್‌ಗಳನ್ನು ಒಂದೇ ಕಾಲಾನುಕ್ರಮದಲ್ಲಿ ಜೋಡಿಸಿದೆ. ಕಡತ ಕಳಿಸಿದ ಘಟನೆಗಿಂತ ಮೊದಲೇ ಅದು ತಲುಪಿದ ಘಟನೆ ಕಾಣುತ್ತಿದೆ. ಇದು ಹೇಗೆ ಸಾಧ್ಯ?

ಉತ್ತರ: ಮೂರು ಯಂತ್ರಗಳಲ್ಲಿ ಮೂರು ಗಡಿಯಾರಗಳಿವೆ ಎಂಬುದೇ ಇದಕ್ಕೆ ಕಾರಣ. ವಿಂಡೋಸ್ ವಿಸ್ಟಾದಿಂದ ಈಚೆಗಿನ ಲಾಗ್ ಕಡತಗಳಲ್ಲಿ ಸಮಯ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ) ದಾಖಲಾಗುತ್ತದೆ, ಆದರೆ ಈವೆಂಟ್ ವ್ಯೂವರ್ ಅದನ್ನು ನೋಡುತ್ತಿರುವ ಯಂತ್ರದ ಕಾಲವಲಯಕ್ಕೆ ಬದಲಿಸಿ ತೋರಿಸುತ್ತದೆ. ಹಾಗಾಗಿ ಒಂದೇ ಕಡತವನ್ನು ಎರಡು ಕಾಲವಲಯಗಳಲ್ಲಿ ತೆರೆದ ಇಬ್ಬರು ಬೇರೆ ಬೇರೆ ಸಮಯಗಳನ್ನು ವರದಿಯಲ್ಲಿ ಬರೆಯಬಹುದು. ಲಿನಕ್ಸ್‌ನಂಥ ವ್ಯವಸ್ಥೆಗಳು ಲಾಗ್ ಬರೆಯಲು ಬಳಸುವ ಸಿಸ್‌ಲಾಗ್‌ನ ಹಳೆಯ ಶೈಲಿಯ ಸಾಲಿನಲ್ಲಿ ವರ್ಷವೂ ಇರುವುದಿಲ್ಲ, ಕಾಲವಲಯವೂ ಇರುವುದಿಲ್ಲ. 2009ರ ಆರ್‌ಎಫ್‌ಸಿ 5424 ಇವೆರಡಕ್ಕೂ ಸ್ಥಾನ ಕೊಟ್ಟಿತಾದರೂ ಹಳೆಯ ರೂಪ ಇಂದಿಗೂ ಬಳಕೆಯಲ್ಲಿದೆ. ಡಿಸೆಂಬರ್ ಮತ್ತು ಜನವರಿಗಳನ್ನು ದಾಟುವ ಲಾಗ್‌ನಲ್ಲಿ ವರ್ಷವನ್ನು ನೀವೇ ಊಹಿಸಿ ಸೇರಿಸಬೇಕಾಗುತ್ತದೆ. ಊಹಿಸಿದ ಸಂಗತಿಯನ್ನು ಸಾರಾಂಶದಲ್ಲಿ ತಿಳಿಸಿ.

ವಲಯಗಳನ್ನು ಸರಿಪಡಿಸಿದ ಮೇಲೂ ಕ್ರಮ ತಪ್ಪಾಗಿ ಕಾಣುತ್ತಿದ್ದರೆ ಒಂದು ಗಡಿಯಾರ ಮುಂದೆಯೋ ಹಿಂದೆಯೋ ಓಡುತ್ತಿತ್ತೆಂದು ಅರ್ಥ. ಲಾಗ್ ಸಂಗ್ರಹಿಸುವ ಹೊತ್ತಿನಲ್ಲೇ ಯಂತ್ರದ ಗಡಿಯಾರವನ್ನು ನಂಬಲರ್ಹ ಸಮಯದೊಂದಿಗೆ ಹೋಲಿಸಿ ವ್ಯತ್ಯಾಸವನ್ನು ಬರೆದಿಟ್ಟಿದ್ದರೆ ಈಗ ಅದು ನೆರವಿಗೆ ಬರುತ್ತದೆ. ಬರೆದಿಡದಿದ್ದರೆ ಎರಡೂ ಯಂತ್ರಗಳಲ್ಲಿ ದಾಖಲಾಗಿರುವ ಒಂದೇ ಘಟನೆಯನ್ನು, ಉದಾಹರಣೆಗೆ ಒಂದು ಜಾಲ ಸಂಪರ್ಕದ ಎರಡು ತುದಿಗಳನ್ನು, ಹುಡುಕಿ ಅಂತರವನ್ನು ಅಂದಾಜಿಸಬಹುದು. ಯಾರಾದರೂ ಸಮಯವನ್ನು ಬದಲಿಸಿದ್ದಾರೆಯೇ ಎಂದು ತಿಳಿಯಲು ಘಟನೆ 4616 ನೋಡಿ. ಗಡಿಯಾರವನ್ನು ತಾನೇ ಸರಿಹೊಂದಿಸಿಕೊಳ್ಳುವ ಸೇವೆಯೂ ಅದನ್ನು ಮೂಡಿಸುತ್ತದೆ, ಆದ್ದರಿಂದ ಬದಲಾವಣೆ ಎಷ್ಟು ದೊಡ್ಡದು ಮತ್ತು ಯಾವ ಖಾತೆಯಿಂದ ಆಯಿತೆಂಬುದನ್ನು ಗಮನಿಸಬೇಕು. ಸಾರಾಂಶದ ಎಲ್ಲ ಸಮಯಗಳೂ ಯುಟಿಸಿಯಲ್ಲಿರಲಿ. ತಿದ್ದಿದ ಸಮಯದ ಪಕ್ಕದಲ್ಲಿ ಲಾಗ್‌ನಲ್ಲಿದ್ದ ಮೂಲ ಸಮಯವೂ ಇರಲಿ.

ಪ್ರಶ್ನೆ: ಸಂಶಯವಿರುವ ದಿನದ ಲಾಗ್‌ನಲ್ಲಿ ನಾಲ್ಕು ಗಂಟೆಗಳ ಕಾಲ ಒಂದು ನಮೂದೂ ಇಲ್ಲ. ಅದನ್ನು ಸಾರಾಂಶದಲ್ಲಿ ಬಿಟ್ಟುಬಿಡಬಹುದೇ?

ಉತ್ತರ: ಖಂಡಿತವಾಗಿಯೂ ಬಿಡಬಾರದು. ಈ ವಿಷಯದಲ್ಲಿ ಸಾರಾಂಶ ಬರೆಯುವವರ ಜವಾಬ್ದಾರಿ ಬಹಳ ದೊಡ್ಡದು, ಏಕೆಂದರೆ ಇರುವ ನಮೂದುಗಳನ್ನು ಮಾತ್ರ ಸಂಕ್ಷೇಪಿಸುವ ಉಪಕರಣಕ್ಕೆ ಇಲ್ಲದ್ದು ಕಾಣಿಸುವುದಿಲ್ಲ, ಸಾರಾಂಶವನ್ನು ಮಾತ್ರ ಓದುವ ಅಧಿಕಾರಿಗೂ ಕಾಣಿಸುವುದಿಲ್ಲ.

ಆ ಮೌನಕ್ಕೆ ಕಾರಣವೇನೆಂದು ಒಂದೊಂದಾಗಿ ಪರೀಕ್ಷಿಸಿ. ಯಂತ್ರ ಆಗ ಚಾಲನೆಯಲ್ಲಿತ್ತೇ? ಸಿಸ್ಟಮ್ ಲಾಗ್‌ನಲ್ಲಿ 6006 ಲಾಗ್ ಸೇವೆ ನಿಂತುದನ್ನೂ, 6005 ಅದು ಮತ್ತೆ ಆರಂಭವಾದುದನ್ನೂ, 6008 ಅನಿರೀಕ್ಷಿತವಾಗಿ ಯಂತ್ರ ಸ್ಥಗಿತಗೊಂಡುದನ್ನೂ ಹೇಳುತ್ತವೆ. ಅಂತರದ ಎರಡು ತುದಿಗಳಲ್ಲಿ 6006 ಮತ್ತು 6005 ಇದ್ದರೆ ಯಂತ್ರವನ್ನು ಆಫ್ ಮಾಡಲಾಗಿತ್ತೆಂಬ ಸರಳ ವಿವರಣೆ ಹೊಂದುತ್ತದೆ. ಲಾಗ್ ಅನ್ನು ಅಳಿಸಲಾಯಿತೇ? ಸೆಕ್ಯುರಿಟಿ ಲಾಗ್ ಅಳಿಸಿದರೆ 1102 ಎಂಬ ನಮೂದು ಅದೇ ಲಾಗ್‌ನಲ್ಲಿ, ಅಳಿಸಿದ ಖಾತೆಯ ಹೆಸರಿನೊಂದಿಗೆ, ಮೂಡುತ್ತದೆ; ಬೇರೆ ಲಾಗ್‌ಗಳನ್ನು ಅಳಿಸಿದ್ದಕ್ಕೆ ಸಿಸ್ಟಮ್ ಲಾಗ್‌ನಲ್ಲಿ 104 ಕಾಣಬೇಕು. ಬಿಡಿ ನಮೂದುಗಳನ್ನು ಮಾತ್ರ ಕಿತ್ತಿರಬಹುದೇ? ನಮೂದುಗಳ ಕ್ರಮಸಂಖ್ಯೆ ಒಂದೊಂದೇ ಏರುತ್ತ ಹೋಗುವುದರಿಂದ ನಡುವೆ ಸಂಖ್ಯೆ ಹಾರಿದ್ದರೆ ಅದು ಗಂಭೀರ ಸುಳಿವು. ಆದರೆ ಸಂಖ್ಯೆಗಳು ಕ್ರಮವಾಗಿವೆ ಎಂಬ ಕಾರಣಕ್ಕೆ ಕೈವಾಡವಿಲ್ಲವೆಂದು ತೀರ್ಮಾನಿಸಬೇಡಿ. ಕ್ರಮಸಂಖ್ಯೆಯನ್ನೂ ಕಡತ ಕೆಟ್ಟಿಲ್ಲವೆಂದು ತಾಳೆ ನೋಡುವ ಮೊತ್ತವನ್ನೂ (ಚೆಕ್‌ಸಮ್) ತಿದ್ದಿ ಸರಿಪಡಿಸಬಲ್ಲ ಉಪಕರಣಗಳಿವೆ.

ಇನ್ನೊಂದು ಕಾರಣ ಎಲ್ಲಕ್ಕಿಂತ ಸಾಮಾನ್ಯ, ಮತ್ತು ವರದಿಗಳಲ್ಲಿ ಹೆಚ್ಚಾಗಿ ಮರೆತುಹೋಗುವಂಥದ್ದು: ಅಂಥ ಘಟನೆಗಳನ್ನು ದಾಖಲಿಸುವ ವ್ಯವಸ್ಥೆಯೇ ಇರಲಿಲ್ಲ. ಪ್ರೋಗ್ರಾಂ ಆರಂಭವನ್ನು ಹೇಳುವ 4688ಅನ್ನು ವಿಂಡೋಸ್ ತಾನಾಗಿ ದಾಖಲಿಸುವುದಿಲ್ಲ, ಯಾವ ಘಟನೆಗಳನ್ನು ದಾಖಲಿಸಬೇಕೆಂದು ನಿರ್ಧರಿಸುವ ಆಡಿಟ್ ನೀತಿಯಲ್ಲಿ ಅದನ್ನು ಆಯ್ದುಕೊಳ್ಳಬೇಕು. ಯಾವ ಆದೇಶದ ಸಾಲಿನೊಂದಿಗೆ ಪ್ರೋಗ್ರಾಂ ಓಡಿತೆಂಬುದು ಬೇಕಾದರೆ ಇನ್ನೊಂದು ಆಯ್ಕೆಯನ್ನೂ ಪ್ರತ್ಯೇಕವಾಗಿ ಮಾಡಬೇಕು. ನೀತಿಯನ್ನು ನೋಡದೆ "ಅನುಮಾನಾಸ್ಪದ ಪ್ರೋಗ್ರಾಂ ಯಾವುದೂ ಓಡಿಲ್ಲ" ಎಂದು ಬರೆದರೆ ಅದು ತನಿಖೆಯನ್ನು ದಾರಿ ತಪ್ಪಿಸುವ ವಾಕ್ಯ. "ಪ್ರೋಗ್ರಾಂಗಳ ದಾಖಲಾತಿ ಸಕ್ರಿಯವಾಗಿರಲಿಲ್ಲ, ಈ ಲಾಗ್‌ನಿಂದ ಅವುಗಳ ಬಗ್ಗೆ ಏನನ್ನೂ ಹೇಳಲಾಗದು" ಎಂದು ಬರೆಯಿರಿ.

ಕಳೆದುಹೋದದ್ದು ಬೇರೆಡೆ ಉಳಿದಿರಬಹುದು. ಲಾಗ್‌ಗಳನ್ನು ಕೇಂದ್ರ ಸರ್ವರ್‌ಗೆ ಕಳಿಸುವ ಏರ್ಪಾಡಿದ್ದರೆ ಅಲ್ಲಿನ ಪ್ರತಿ, ಜಾಲದ ಸಂಚಾರವನ್ನು ನಿಯಂತ್ರಿಸುವ ಫೈರ್‌ವಾಲ್‌ನ ದಾಖಲೆ, ಸಂಪರ್ಕದ ಇನ್ನೊಂದು ತುದಿಯ ಯಂತ್ರದ ಲಾಗ್ ಇವನ್ನೆಲ್ಲ ಕೇಳಿ ಪಡೆಯಿರಿ. ವಿಂಡೋಸ್ ಲಾಗ್ ಕಡತದ ನಮೂದುಗಳು 64 ಕೆಬಿಯ ತುಂಡುಗಳಲ್ಲಿ, ಪ್ರತಿ ತುಂಡಿನ ತಲೆಯಲ್ಲೂ ನಿಗದಿತ ಗುರುತಿನೊಂದಿಗೆ ಇರುವುದರಿಂದ, ಡಿಸ್ಕ್‌ನ ಖಾಲಿ ಎನಿಸುವ ಜಾಗದಿಂದ ಅಳಿಸಿಹೋದ ತುಂಡುಗಳನ್ನು ಹುಡುಕಿ ತೆಗೆಯುವುದೂ ಕೆಲವೊಮ್ಮೆ ಸಾಧ್ಯವಾಗುತ್ತದೆ.

ಪ್ರಶ್ನೆ: ಲಾಗ್‌ಗಳನ್ನು ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗೆ ಕೊಟ್ಟರೆ ಕ್ಷಣದಲ್ಲಿ ಸಾರಾಂಶ ಬರುತ್ತದೆ. ತನಿಖೆಯಲ್ಲಿ ಅದನ್ನು ಬಳಸಬಹುದೇ?

ಉತ್ತರ: ನೆರವಾಗಿ ಬಳಸಬಹುದು, ಅದರ ಮಾತನ್ನೇ ಅಂತಿಮವೆಂದು ತೆಗೆದುಕೊಳ್ಳಬಾರದು. ಅಪರಿಚಿತ ಘಟನೆಯ ಅರ್ಥ ವಿವರಿಸಲು, ಹುಡುಕಾಟದ ಆದೇಶ ಬರೆಯಲು, ನೀವು ಪರಿಶೀಲಿಸಿದ ಅಂಶಗಳನ್ನು ಸರಳ ಗದ್ಯವಾಗಿಸಲು ಅದು ಉಪಯುಕ್ತ. ಆದರೆ ಮಾದರಿಯು ಒಮ್ಮೆಗೆ ಓದಬಲ್ಲ ಪಠ್ಯಕ್ಕೆ ಮಿತಿಯಿದೆ, ಮಿತಿ ಮೀರಿದ ಭಾಗ ಬಿಟ್ಟುಹೋದದ್ದು ನಿಮಗೆ ತಿಳಿಯದೆಯೂ ಇರಬಹುದು. ಒಂದೇ ಅಂಕೆಯಲ್ಲಿ ಭಿನ್ನವಾಗಿರುವ ಎರಡು ವಿಳಾಸಗಳನ್ನು ಅದು ಒಂದಾಗಿಸಬಹುದು, ಲಾಗ್‌ನಲ್ಲಿಲ್ಲದ ಘಟನೆಯನ್ನು ನಂಬುವಂತೆ ಬರೆಯಬಹುದು, ಅದೇ ಕಡತವನ್ನು ಮತ್ತೆ ಕೊಟ್ಟಾಗ ಬೇರೆ ಸಾರಾಂಶ ಕೊಡಬಹುದು. ಇನ್ನೊಬ್ಬ ಪರೀಕ್ಷಕರು ಅದೇ ಕ್ರಮ ಅನುಸರಿಸಿದಾಗ ಅದೇ ಫಲಿತಾಂಶ ಬರಬೇಕೆಂಬುದು ಈ ಶಾಸ್ತ್ರದ ಆಧಾರಸ್ತಂಭವಾಗಿರುವಾಗ ಇದು ಸಣ್ಣ ದೋಷವಲ್ಲ.

ಇನ್ನೂ ಹೆಚ್ಚು ಗಮನಿಸಬೇಕಾದ ಅಪಾಯವೊಂದಿದೆ. ಲಾಗ್‌ನ ಕೆಲವು ಭಾಗಗಳನ್ನು ಬರೆಯುವವನು ದಾಳಿಕೋರನೇ. ವಿಫಲ ಲಾಗಿನ್‌ನಲ್ಲಿ ದಾಖಲಾಗುವ ಬಳಕೆದಾರ ಹೆಸರು, ವೆಬ್ ಸರ್ವರ್‌ನ ಲಾಗ್‌ನಲ್ಲಿ ಸೇರುವ ಬ್ರೌಸರ್‌ನ ಪರಿಚಯ ಸಾಲು ಇವೆಲ್ಲ ಅವನು ಕಳಿಸಿದ ಅಕ್ಷರಗಳು. ಅಲ್ಲಿ ಅವನು "ಈ ವಿಳಾಸದ ನಮೂದುಗಳನ್ನು ಲೆಕ್ಕಿಸಬೇಡ" ಎಂಬರ್ಥದ ಸೂಚನೆ ಬರೆದಿಟ್ಟರೆ ಭಾಷಾ ಮಾದರಿ ಅದನ್ನು ದತ್ತಾಂಶವೆಂದು ಓದದೆ ಆಜ್ಞೆಯೆಂದು ಪಾಲಿಸುವ ಸಾಧ್ಯತೆಯಿದೆ. ಆದ್ದರಿಂದ ಎಣಿಕೆ, ಸಮಯ, ಕ್ರಮಗಳನ್ನು ಸಾಮಾನ್ಯ ಪ್ರೋಗ್ರಾಂನಿಂದಲೇ ತೆಗೆಯಿರಿ; ಮಾದರಿ ಬರೆದ ಪ್ರತಿ ವಾಕ್ಯಕ್ಕೂ ನಮೂದಿನ ಸಂಖ್ಯೆಯನ್ನು ಕೇಳಿ, ಆ ನಮೂದನ್ನು ತೆರೆದು ಓದಿ, ಹೊಂದದ ವಾಕ್ಯವನ್ನು ತೆಗೆದುಹಾಕಿ. ತನಿಖೆಯ ದತ್ತಾಂಶವನ್ನು ಹೊರಗಿನ ಸೇವೆಯೊಂದಕ್ಕೆ ಕಳಿಸಲು ಅನುಮತಿಯಿದೆಯೇ ಎಂಬುದನ್ನು ಇದೆಲ್ಲಕ್ಕಿಂತ ಮೊದಲೇ ಕೇಳಿಕೊಳ್ಳಬೇಕು.

ಪ್ರಶ್ನೆ: ಉಚಿತವಾಗಿ ಸಿಗುವ ಉಪಕರಣಗಳಾವುವು?

ಉತ್ತರ: ವಿಂಡೋಸ್ ಲಾಗ್‌ಗಳನ್ನು ಕೋಷ್ಟಕವಾಗಿಸಲು ಎರಿಕ್ ಝಿಮ್ಮರ್‌ಮನ್ ಅವರ ಇವಿಟಿಎಕ್ಸ್‌ಇಕಮಾಂಡ್ (EvtxECmd), ಅನುಮಾನಾಸ್ಪದ ನಮೂದುಗಳನ್ನು ಬೇಗ ಎತ್ತಿ ತೋರಿಸಲು ಹಯಾಬುಸಾ ಮತ್ತು ಚೈನ್‌ಸಾ, ಹಲವು ಬಗೆಯ ಲಾಗ್‌ಗಳನ್ನು ಒಂದೇ ಕಾಲಾನುಕ್ರಮಕ್ಕೆ ತರಲು ಪ್ಲಾಸೊ, ಆ ಕಾಲಾನುಕ್ರಮವನ್ನು ಹಲವರು ಒಟ್ಟಾಗಿ ಪರಿಶೀಲಿಸಲು ಟೈಮ್‌ಸ್ಕೆಚ್ ಇವೆ. ಹಯಾಬುಸಾ ಮತ್ತು ಚೈನ್‌ಸಾ, ಅನುಮಾನಾಸ್ಪದ ನಮೂದು ಹೇಗಿರುತ್ತದೆಂದು ವಿವರಿಸುವ ಸಿಗ್ಮಾ ಎಂಬ ನಿಯಮಗಳನ್ನು ಬಳಸುತ್ತವೆ. ನಿಯಮವೊಂದು ಹೊಂದಿಕೆಯಾಯಿತೆಂದರೆ ನೋಡಬೇಕಾದ ಜಾಗ ಸಿಕ್ಕಿತೆಂದಷ್ಟೇ ಅರ್ಥ, ಅಪರಾಧ ಸಿದ್ಧವಾಯಿತೆಂದಲ್ಲ. ಮುಖ್ಯ ನಮೂದುಗಳನ್ನು ಎರಡು ಉಪಕರಣಗಳಲ್ಲಿ ತೆರೆದು ತಾಳೆ ನೋಡಿ, ಬಳಸಿದ ಆವೃತ್ತಿಯ ಸಂಖ್ಯೆಯನ್ನು ವರದಿಯಲ್ಲಿ ನಮೂದಿಸಿ.

ಪ್ರಶ್ನೆ: "ಇಂಥ ನೌಕರರು ರಾತ್ರಿ ಒಳಬಂದು ಕಡತ ಕದ್ದರು" ಎಂದು ಸಾರಾಂಶದಲ್ಲಿ ಬರೆದೆ. ಹಿರಿಯ ಪರೀಕ್ಷಕರು ಆ ಸಾಲನ್ನು ಹೊಡೆದುಹಾಕಿದರು. ಲಾಗ್‌ನಲ್ಲಿ ಆ ನೌಕರರ ಹೆಸರೇ ಇದೆಯಲ್ಲ?

ಉತ್ತರ: ಲಾಗ್‌ನಲ್ಲಿರುವುದು ಖಾತೆಯ ಹೆಸರು. ಕೀಲಿಮಣೆಯ ಮುಂದೆ ಯಾರು ಕುಳಿತಿದ್ದರೆಂಬುದನ್ನು ಲಾಗ್ ನೋಡಿಲ್ಲ. ಪಾಸ್‌ವರ್ಡ್ ಕಳುವಾಗಿರಬಹುದು, ಹಲವರು ಹಂಚಿಕೊಂಡಿರಬಹುದು, ತೆರೆದಿಟ್ಟ ಯಂತ್ರವನ್ನು ಬೇರೆಯವರು ಬಳಸಿರಬಹುದು. ವಿಳಾಸದ ಮಾತೂ ಹೀಗೆಯೇ. ಒಂದು ಕಚೇರಿಯ ನೂರು ಜನ ಒಂದೇ ಸಾರ್ವಜನಿಕ ವಿಳಾಸದಿಂದ ಹೊರಗೆ ಕಾಣಿಸಿಕೊಳ್ಳಬಹುದು. ನಿಮ್ಮ ಒಂದು ವಾಕ್ಯ ಒಬ್ಬ ವ್ಯಕ್ತಿಯ ಉದ್ಯೋಗವನ್ನೂ ಮಾನವನ್ನೂ ಕಸಿಯಬಲ್ಲದು. ಹಿರಿಯರು ಮಾಡಿದ್ದು ಸರಿಯಾಗಿದೆ.

ದಾಖಲೆ ಹೇಳುವುದನ್ನೂ ನೀವು ಅದರಿಂದ ಊಹಿಸುವುದನ್ನೂ ಒಂದೇ ವಾಕ್ಯದಲ್ಲಿ ಬೆರೆಸದಿದ್ದರೆ ಈ ತೊಡಕು ಬರುವುದಿಲ್ಲ. ಮಾದರಿಯಾಗಿ ಹೀಗೆ ಬರೆಯಬಹುದು: "ಯುಟಿಸಿ 20:44:10ಕ್ಕೆ ಲೆಕ್ಕ-02 ಖಾತೆಯಿಂದ, 203.0.113.45 ವಿಳಾಸದಿಂದ, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಯಶಸ್ವಿ ಲಾಗಿನ್ ದಾಖಲಾಗಿದೆ (ಸೆಕ್ಯುರಿಟಿ ಲಾಗ್, ನಮೂದು 118402). ಅದೇ ಲಾಗಿನ್ ಗುರುತಿನಡಿ 20:51:37ಕ್ಕೆ ಕಡತಗಳನ್ನು ಒತ್ತಿ ಕಟ್ಟುವ ಪ್ರೋಗ್ರಾಂ ಆರಂಭವಾಗಿದೆ (ನಮೂದು 118466). ಈ ವಿಳಾಸ ಲಭ್ಯವಿರುವ ಲಾಗ್‌ನಲ್ಲಿ ಇದಕ್ಕೂ ಮೊದಲು ಕಂಡಿಲ್ಲ. ಲಾಗಿನ್ ಬೇರೆಯವರಿಂದ ಆಗಿರಬಹುದೆಂಬುದು ಪರೀಕ್ಷಕರ ಅಭಿಪ್ರಾಯ. ಕಡತಗಳು ಹೊರಹೋದವೇ ಎಂಬುದನ್ನು ಈ ಲಾಗ್‌ನಿಂದ ನಿರ್ಧರಿಸಲಾಗದು, ಅದಕ್ಕೆ ಫೈರ್‌ವಾಲ್‌ನ ದಾಖಲೆ ಬೇಕು." ಆವರಣದೊಳಗಿನ ನಮೂದಿನ ಸಂಖ್ಯೆಗಳು ಜಾಗ ತಿನ್ನುತ್ತವೆಂದು ಅವನ್ನು ಅನುಬಂಧಕ್ಕೆ ದೂಡಬೇಡಿ. ವಾಕ್ಯದ ಪಕ್ಕದಲ್ಲೇ ಅವಿದ್ದರೆ, ನಿಮ್ಮ ಮಾತನ್ನು ಪ್ರಶ್ನಿಸುವ ವಕೀಲರೂ ಆರೋಪ ಹೊತ್ತ ನೌಕರರೂ ಮೂಲ ನಮೂದನ್ನು ತಾವೇ ತೆರೆದು ನೋಡಬಹುದು.